ದೇವರೆಂದು ಕರೆದು ದುಡಿಸುವ ನ್ಯಾಯ

ಡಾಕ್ಟರರ ಕಷ್ಟ ಕಟ್ಟಿಕೊಂಡು ನಮಗೇನಾಗಬೇಕು ಎಂದು ರೈತ ಬಂಧುಗಳೂ ಕಾರ್ಮಿಕ ಬಂಧುಗಳೂ ಕೇಳಬಹುದು. ಕೇಳುವುದರಲ್ಲಿ ತಪ್ಪಿಲ್ಲ. ಕಾರಿನಲ್ಲಿ ಬಂದಿಳಿಯುವ ಡಾಕ್ಟರನ್ನು, ನರ್ಸಿಂಗ್ ಹೋಮಿನ ಒಡೆಯನಾದ ಡಾಕ್ಟರನ್ನು, ಚೀಟಿಯ ಮೇಲೆ ಚೀಟಿ ಬರೆದು ಬಡವನ ಎತ್ತು ಮಾರಿಸಿದ ಡಾಕ್ಟರನ್ನು ಅವರು ಕಂಡಿದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ಆ ಡಾಕ್ಟರನ ಮಾತಲ್ಲ. ಹಾವು ಕಚ್ಚಿದ ಮಗನನ್ನು ರಾತ್ರಿ ಎರಡು ಗಂಟೆಗೆ ಸರ್ಕಾರಿ ದೊಡ್ಡಾಸ್ಪತ್ರೆಗೆ ಹೊತ್ತು ತಂದಾಗ ಎದ್ದು ಬರುತ್ತಾರಲ್ಲ, ಇಪ್ಪತ್ತಾರು ಇಪ್ಪತ್ತೇಳರ ಹುಡುಗ, ಹುಡುಗಿ, ಅವರ ಮಾತು. ಎಂ.ಬಿ.ಬಿ.ಎಸ್. ಮುಗಿಸಿ ಮೇಲಿನ ಪದವಿಗೆ ಸೇರಿ, ಓದಿನ ಹೆಸರಿನಲ್ಲಿ ಹಗಲೂ ಇರುಳೂ ದುಡಿಯುವ ಕಿರಿಯ ಡಾಕ್ಟರರ ಮಾತು. ದೊಡ್ಡ ಡಾಕ್ಟರು ಬೆಳಿಗ್ಗೆ ಒಂದು ಸುತ್ತು ಬಂದು ಹೋಗುತ್ತಾರೆ; ಉಳಿದ ಹೊತ್ತೆಲ್ಲ ವಾರ್ಡು ನಿಂತಿರುವುದು ಇವರ ಕಾಲಿನ ಮೇಲೆ. ಬಡವನ ಪಾಲಿಗೆ ಆಸ್ಪತ್ರೆಯೆಂದರೆ ಇವರೇ.

ಆ ಕಾಲು ಈಗ ಕುಸಿಯುತ್ತಿದೆ. ಅದು ಕುಸಿದರೆ ಬೀಳುವವನು ಬಡ ರೋಗಿ. ಆದ್ದರಿಂದ ಇದು ನಮ್ಮ ವಿಷಯ.

ಲೆಕ್ಕ ಏನು ಹೇಳುತ್ತದೆ?

ನಾವು ಊಹೆಯ ಮೇಲೆ ಮಾತನಾಡುತ್ತಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗವೇ ನೇಮಿಸಿದ ಕಾರ್ಯಪಡೆಯೊಂದು 2024ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅದರ ಪ್ರಶ್ನೆಗಳಿಗೆ ದೇಶದಾದ್ಯಂತ 5,337 ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು ಉತ್ತರ ಕೊಟ್ಟರು. ಅವರಲ್ಲಿ ನೂರಕ್ಕೆ ಸುಮಾರು 45 ಮಂದಿ ವಾರಕ್ಕೆ 60 ಗಂಟೆಗೂ ಮೀರಿ ದುಡಿಯುವವರು. ನೂರಕ್ಕೆ 56 ಮಂದಿಗೆ ವಾರದ ರಜೆ ಸರಿಯಾಗಿ ಸಿಕ್ಕುವುದಿಲ್ಲ. ನೂರಕ್ಕೆ 31 ಮಂದಿಗೆ, ಅಂದರೆ ಹೆಚ್ಚುಕಡಮೆ ಮೂವರಲ್ಲಿ ಒಬ್ಬರಿಗೆ, ಬದುಕು ಸಾಕು ಎಂಬ ಯೋಚನೆ ಬಂದು ಹೋಗಿದೆ. ಜೀವ ಉಳಿಸುವ ವಿದ್ಯೆ ಕಲಿಯಲು ಹೋದವರಿಗೆ ತಮ್ಮ ಜೀವವೇ ಭಾರವಾಗಿದೆ ಎಂದಾದರೆ, ಆ ವಿದ್ಯೆ ಕಲಿಸುವ ಕ್ರಮದಲ್ಲಿ ಕೇಡಿದೆಯೇ, ಕಲಿಯುವ ಮಕ್ಕಳಲ್ಲಿ ಕೇಡಿದೆಯೇ?

ಮಕ್ಕಳಲ್ಲಿ ಕೇಡಿದೆ ಎನ್ನುತ್ತಾರೆ ಮೇಲಿನವರು. ಈಗಿನ ಹುಡುಗರಿಗೆ ಗಟ್ಟಿತನವಿಲ್ಲ, ಶ್ರದ್ಧೆಯಿಲ್ಲ, ವೈದ್ಯ ವೃತ್ತಿಯ ಮೇಲೆ ನಂಬಿಕೆಯಿಲ್ಲ, ಆದ್ದರಿಂದಲೇ ಬಳಲುತ್ತಾರೆ ಎಂಬುದು ಅವರ ವಾದ. ಈ ವಾದ ತಲೆಕೆಳಗಾದುದು ಎಂದು ತೋರಿಸುವುದೇ ಈ ಬರಹದ ಉದ್ದೇಶ. ನಂಬಿಕೆಯಿಲ್ಲದವನು ಸುಡುವುದಿಲ್ಲ. ನಂಬಿದವನೇ ಸುಡುತ್ತಾನೆ. ಸುಟ್ಟ ಮೇಲೆ ನಂಬಿಕೆ ಹೋಗುತ್ತದೆ.

ಎಣ್ಣೆ ತೀರಿದ ದೀಪ

ಈ ಬೇನೆಗೆ ಇಂಗ್ಲಿಷಿನಲ್ಲಿ ಬರ್ನ್‌ಔಟ್ ಎಂದು ಹೆಸರು. ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ, ಎಣ್ಣೆ ತೀರಿದ ಮೇಲೆ ಬತ್ತಿಯೇ ಸುಡುವುದು. ಈ ಮಾತು ಎಲ್ಲಿ ಹುಟ್ಟಿತೆಂಬುದನ್ನು ನಮ್ಮ ಓದುಗರು ತಿಳಿಯಬೇಕು. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ಇದರ ಬಗ್ಗೆ ಬರೆದ. ಆತ ಇದನ್ನು ಕಂಡದ್ದು ಸೋಮಾರಿಗಳ ಕಚೇರಿಯಲ್ಲಲ್ಲ, ಹಣ ಎಣಿಸುವ ಅಂಗಡಿಯಲ್ಲೂ ಅಲ್ಲ. ನ್ಯೂಯಾರ್ಕಿನಲ್ಲಿ ಬಡವರಿಗಾಗಿ ನಡೆಯುತ್ತಿದ್ದ ಪುಕ್ಕಟೆ ಚಿಕಿತ್ಸಾಲಯದಲ್ಲಿ, ತಮ್ಮ ಕೆಲಸ ಮುಗಿಸಿ ಬಂದು ರಾತ್ರಿಯವರೆಗೆ ದುಡಿಯುತ್ತಿದ್ದ ಸ್ವಯಂಸೇವಕರಲ್ಲಿ, ತನ್ನಲ್ಲಿಯೂ ಕಂಡ. ಯಾರು ಹೆಚ್ಚು ಸಮರ್ಪಣೆಯಿಂದ ದುಡಿಯುತ್ತಾರೋ ಅವರೇ ಮೊದಲು ಬರಿದಾಗುತ್ತಾರೆ ಎಂಬುದು ಆತನ ಅನುಭವದ ಮಾತಾಗಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದಲ್ಲಿ ಇದಕ್ಕೆ ಮೂರು ಗುರುತುಗಳನ್ನು ಹೇಳಿದೆ. ಮೊದಲನೆಯದು, ಮೈಮನಗಳ ಶಕ್ತಿಯೆಲ್ಲ ಬಸಿದುಹೋಗುವುದು. ಎರಡನೆಯದು, ಕೆಲಸದಿಂದ ಮನಸ್ಸು ದೂರವಾಗಿ ಜಿಗುಪ್ಸೆ ಹುಟ್ಟುವುದು. ಮೂರನೆಯದು, ಕೆಲಸದಲ್ಲಿ ಕೈಸಾಗದಿರುವುದು. ಇನ್ನೊಂದು ಮಾತನ್ನೂ ಆ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ: ಇದು ಕಾಯಿಲೆಯಲ್ಲ, ದುಡಿಮೆಯ ಸ್ಥಳದಲ್ಲಿ ಹುಟ್ಟುವ ಸ್ಥಿತಿ. ಅಂದಮೇಲೆ ಮದ್ದು ಬೇಕಾದದ್ದು ದುಡಿಮೆಯ ಸ್ಥಳಕ್ಕೆ. ಆದರೆ ನಮ್ಮ ವೈದ್ಯಕೀಯ ಕಾಲೇಜುಗಳು ಮಾಡುವುದೇನು? ಒಂದು ದಿನದ ಯೋಗ ಶಿಬಿರ, ಒಂದು ಉಪನ್ಯಾಸ, ಗೋಡೆಗೊಂದು ಫಲಕ. ಯೋಗ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಆದರೆ ಮೂವತ್ತು ಗಂಟೆ ನಿದ್ದೆಯಿಲ್ಲದವನಿಗೆ ಉಸಿರಾಡುವುದನ್ನು ಕಲಿಸಿಕೊಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಅವನಿಗೆ ಬೇಕಾದದ್ದು ಹಾಸಿಗೆ.

ಈ ಮಂತ್ರ ಯಾರದು?

ವೈದ್ಯನೆಂದರೆ ಸಾಕ್ಷಾತ್ ನಾರಾಯಣ ಎಂಬ ಮಾತು ನಮ್ಮಲ್ಲಿ ಹಿಂದಿನಿಂದ ಬಂದಿದೆ. ರೋಗಿಯ ಬಾಯಲ್ಲಿ ಅದು ಕೃತಜ್ಞತೆಯ ಮಾತು. ನಾವು ಅದಕ್ಕೆ ತಲೆಬಾಗುತ್ತೇವೆ. ಆಡಳಿತಗಾರನ ಬಾಯಿಗೆ ಬಂದಾಗ ಅದೇ ಮಾತು ಹೊನ್ನಶೂಲವಾಗುತ್ತದೆ. ದೇವರಿಗೆ ಹಸಿವಿಲ್ಲ, ನಿದ್ದೆಯಿಲ್ಲ, ಸಂಬಳ ಬೇಡ, ಸಂಘ ಬೇಡ. ಉಪಾಧ್ಯಾಯ ವೃತ್ತಿಯಿಂದ ಬಂದ ನಮ್ಮಂಥವರಿಗೆ ಈ ತಂತ್ರ ಹೊಸದಲ್ಲ. ಗುರುವೇ ಬ್ರಹ್ಮ ಎಂದು ವೇದಿಕೆಯ ಮೇಲೆ ಹಾರ ಹಾಕಿ, ಸಂಬಳದ ಮಾತೆತ್ತಿದರೆ ಗುರುವಿಗೇಕೆ ಹಣದಾಸೆ ಎನ್ನುವ ಜನ ಇವರೇ. ಹಾಗೆಯೇ ದಾದಿಯನ್ನು ತಾಯಿ ಎಂದರು, ಅಂಗನವಾಡಿಯ ಹೆಣ್ಣುಮಗಳನ್ನು ಸೇವಕಿ ಎಂದರು. ಯಾವ ದುಡಿಮೆಗೆ ಬಿರುದು ದೊಡ್ಡದೋ ಆ ದುಡಿಮೆಯ ರಜಾ ಪುಸ್ತಕವನ್ನು ಒಮ್ಮೆ ತೆರೆದು ನೋಡಬೇಕು.

ನಿದ್ದೆಗೆಟ್ಟು ದುಡಿಯುವವನೇ ನಿಜವಾದ ವೈದ್ಯ ಎಂಬ ಈ ನಂಬಿಕೆಗೆ ಇನ್ನೊಂದು ಬೇರು ಅಮೆರಿಕದಲ್ಲಿದೆ. ಅಲ್ಲಿನ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ತೆರೆಯಿತು. ಅಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯ ಕಿರಿಯರನ್ನು ಆಸ್ಪತ್ರೆಯಲ್ಲೇ ವಾಸವಿಟ್ಟು ಹಗಲಿರುಳು ತಯಾರು ಮಾಡುವ ಪದ್ಧತಿಯನ್ನು ಬೆಳೆಸಿದ. ಇಂದಿಗೂ ಈ ಡಾಕ್ಟರರನ್ನು ರೆಸಿಡೆಂಟ್, ಅಂದರೆ ವಾಸಿ, ಎಂದು ಕರೆಯುವುದು ಅದಕ್ಕೇ. ಹಾಲ್‌ಸ್ಟೆಡ್ ಮಹಾ ಶಸ್ತ್ರವೈದ್ಯನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಕೇನಿನ ಮೇಲೆ ಪ್ರಯೋಗ ಮಾಡಲು ಹೋಗಿ ಅದರ ಚಟಕ್ಕೆ ಬಿದ್ದಿದ್ದ, ಆಮೇಲೆ ಮಾರ್ಫಿನಿಗೆ ಬಿದ್ದ ಎಂಬುದೂ ಇತಿಹಾಸವೇ. ಅಂಥವನು ಹಾಕಿದ ಅಳತೆಗೋಲಿನಿಂದ ನಮ್ಮ ರಾಯಚೂರಿನ, ಚಾಮರಾಜನಗರದ ಮಕ್ಕಳ ಶ್ರದ್ಧೆಯನ್ನು ಅಳೆಯುತ್ತ ಕೂರುವುದು ಯಾವ ಶಾಸ್ತ್ರ?

ಕಾಯಕದ ಮಾತನ್ನೂ ಇವರು ಬಿಟ್ಟಿಲ್ಲ. ಸಮಾರಂಭಗಳಲ್ಲಿ ಕಿರಿಯ ಡಾಕ್ಟರರಿಗೆ ಶರಣರ ಹೆಸರಿನಲ್ಲಿ ಉಪದೇಶ ಮಾಡುತ್ತಾರೆ. ಇವರು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಮರೆತಂತೆ ಕಾಣುತ್ತದೆ. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮಗೆ ಸಲ್ಲದು, ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದವಳು ಆಕೆ. ಕಾಯಕಕ್ಕೂ ಅಳತೆಯಿದೆ, ಅಳತೆ ಮೀರಿದ್ದು ಆಸೆ ಎಂಬುದು ಆಕೆಯ ನಿಲುವು. ಕಿರಿಯರಿಂದ ಅಳತೆ ಮೀರಿ ದುಡಿಮೆಯನ್ನು ಆಯ್ದುಕೊಳ್ಳುತ್ತಿರುವ ಆಡಳಿತಗಳು ಹಿಂದಕ್ಕೆ ಸುರಿಯಬೇಕಾದ ಗಂಟೆಗಳೆಷ್ಟು?

ನಂಬಿಕೆ ಒಳಗೆ ಮಾಡುವ ಕೆಲಸ

ಈ ಮಂತ್ರ ಹೊರಗಿನ ಹೇರಿಕೆ ಮಾತ್ರವಾಗಿದ್ದರೆ ಇಷ್ಟು ಕೇಡಾಗುತ್ತಿರಲಿಲ್ಲ. ಹುಡುಗ ಅದನ್ನು ತನ್ನದೆಂದು ನಂಬುತ್ತಾನೆ. ನಾನು ವೈದ್ಯ, ಆದ್ದರಿಂದ ನಾನು ದಣಿಯಬಾರದು. ದಣಿದರೆ ನಾನು ವೈದ್ಯನೇ ಅಲ್ಲ. ಈ ಲೆಕ್ಕ ಅವನ ತಲೆಯಲ್ಲಿ ಕೂತ ದಿನವೇ ಅವನ ಬಾಯಿ ಕಟ್ಟಿತು. ಜ್ವರ ಬಂದರೂ ಹೇಳುವುದಿಲ್ಲ. ಕಣ್ಣು ಮಂಜಾದರೂ ಸೂಜಿ ಹಿಡಿಯುತ್ತಾನೆ. ಹೆರಿಗೆಯ ವಾರ್ಡಿನಲ್ಲಿ ಒಂದು ಜೀವ ಹೋದರೆ, ಅಲ್ಲಿ ರಕ್ತ ಇರಲಿಲ್ಲ, ಅರಿವಳಿಕೆ ಕೊಡುವವರಿರಲಿಲ್ಲ ಎಂಬುದನ್ನು ಮರೆತು, ನನ್ನಲ್ಲಿ ಕೊರತೆಯಿತ್ತು ಎಂದುಕೊಳ್ಳುತ್ತಾನೆ. ಸರ್ಕಾರದ ಕೊರತೆಯೆಲ್ಲ ಅವನೊಬ್ಬನ ಪಾಪದ ಲೆಕ್ಕಕ್ಕೆ ಜಮಾ ಆಗುತ್ತದೆ.

ಎಷ್ಟು ದಿನ ಹೀಗೆ ನಡೆದೀತು? ಒಂದು ದಿನ ಮನಸ್ಸು ತನ್ನನ್ನು ಉಳಿಸಿಕೊಳ್ಳಲು ಕಲ್ಲಾಗುತ್ತದೆ. ಆಗ ಮುದುಕಿ ಮುದುಕಿಯಾಗಿ ಉಳಿಯುವುದಿಲ್ಲ, ಹದಿನಾಲ್ಕನೆಯ ಮಂಚವಾಗುತ್ತಾಳೆ. ಆಗ ಬಾಯಲ್ಲಿ ಗದರಿಕೆ ಬರುತ್ತದೆ. ನಮ್ಮ ಹಳ್ಳಿಯ ಜನ ಆಸ್ಪತ್ರೆಯಲ್ಲಿ ಉಣ್ಣುವ ಬೈಗುಳಗಳಲ್ಲಿ ಎಷ್ಟೋ ಈ ಕಲ್ಲಾದ ದಣಿವಿನಿಂದ ಬಂದವು. ಬೈಗುಳವನ್ನು ನಾವು ಕ್ಷಮಿಸುವುದಿಲ್ಲ. ಅದು ಎಲ್ಲಿ ತಯಾರಾಗುತ್ತದೆಂದು ತೋರಿಸುತ್ತಿದ್ದೇವೆ.

2017ರಲ್ಲಿ ಅಮೆರಿಕದ ಸಂಶೋಧಕರು ಎರಡು ಸಾವಿರಕ್ಕೂ ಮಿಕ್ಕ ಡಾಕ್ಟರರನ್ನು ವಿಚಾರಿಸಿ ಒಂದು ಸಂಗತಿ ಪ್ರಕಟಿಸಿದರು: ಬಳಲಿಕೆ ಹೆಚ್ಚಿದಂತೆಲ್ಲ, ವೈದ್ಯವೃತ್ತಿ ನನ್ನ ಬಾಳಿನ ಕರೆ ಎನ್ನುವವರ ಸಂಖ್ಯೆ ಇಳಿಯುತ್ತದೆ. ಮೇಲಿನವರು ಇದನ್ನು ಹಿಡಿದು, ನೋಡಿ, ನಂಬಿಕೆಯಿದ್ದವರು ಬಳಲುವುದಿಲ್ಲ ಎಂದಾರು. ಆದರೆ ಒಂದೇ ಸಲ ಕೇಳಿ ಬರೆದ ಲೆಕ್ಕ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಹೇಳಲಾರದು. ವೈದ್ಯನಾಗಬೇಕೆಂದು ಹಗಲಿರುಳು ಓದಿ, ಲಕ್ಷಾಂತರ ಮಂದಿಯ ಸ್ಪರ್ಧೆಯಲ್ಲಿ ಗೆದ್ದು ಬಂದ ಮಕ್ಕಳು ಇವರು. ಬರುವಾಗ ಹೊತ್ತು ತಂದ ನಂಬಿಕೆ ಮೂರನೆಯ ವರ್ಷಕ್ಕೆ ಎಲ್ಲಿ ಹೋಯಿತು? ಮನೆಗೆ ಬೆಂಕಿ ಬಿದ್ದು ತೊಲೆ ಸುಟ್ಟುಹೋದ ಮೇಲೆ, ಈ ಮನೆಗೆ ತೊಲೆಯೇ ಇರಲಿಲ್ಲ ಎನ್ನುವವರಿಗೆ ಏನು ಹೇಳುವುದು?

ಬಸ್ಸಿನ ಡ್ರೈವರನೂ ಡಾಕ್ಟರನೂ

ಹದಿನೇಳು ಗಂಟೆ ಎಚ್ಚರವಿದ್ದವನ ಕೈಚಳಕ, ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯಸಾರ ಇರುವವನ ಕೈಚಳಕಕ್ಕೆ ಸಮನಾಗುತ್ತದೆ. ಇಪ್ಪತ್ತನಾಲ್ಕು ಗಂಟೆಯಾದರೆ ಅದು 0.10ಕ್ಕೆ ಸಮ. ಇದು 1997ರಲ್ಲೇ ಪ್ರಯೋಗದಿಂದ ತಿಳಿದ ವಿಷಯ. ನಮ್ಮ ಮೋಟಾರು ವಾಹನ ಕಾಯಿದೆ 0.03 ದಾಟಿದ ಡ್ರೈವರನನ್ನು ಅಪರಾಧಿ ಎನ್ನುತ್ತದೆ. ಸರಿಯಾಗಿಯೇ ಇದೆ. ಹಾಗಾದರೆ ಮೂವತ್ತಾರು ಗಂಟೆ ಎಚ್ಚರವಿರುವ ಹುಡುಗಿಯ ಕೈಗೆ ಶಸ್ತ್ರ ಕೊಟ್ಟು ಕಳಿಸುವ ಅಧಿಕಾರಿಗೆ ಯಾವ ಕಾಯಿದೆ? ಬಸ್ಸು ಲಾರಿಗಳ ಕಾರ್ಮಿಕರಿಗೆ 1961ರಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಕಾಯಿದೆ ಬಂತು. ಕಾರ್ಖಾನೆಯ ಕಾರ್ಮಿಕರಿಗೆ 1948ರಲ್ಲೇ ವಾರಕ್ಕೆ 48 ಗಂಟೆಯ ಎಲ್ಲೆ ಬಂತು. ಇವನ್ನು ಯಾರೂ ದಾನ ಕೊಡಲಿಲ್ಲ; ಕಾರ್ಮಿಕರು ಹೋರಾಡಿ ಪಡೆದರು.

ಡಾಕ್ಟರರಿಗೆ ನಿಯಮವೇ ಇಲ್ಲವೆಂದು ತಿಳಿಯಬೇಡಿ. 1992ರ ಜೂನ್ 5ರಂದು ಕೇಂದ್ರ ಆರೋಗ್ಯ ಖಾತೆ ಹೊರಡಿಸಿದ ಆದೇಶದಲ್ಲಿ, ರೆಸಿಡೆಂಟ್ ಡಾಕ್ಟರರ ಎಡೆಬಿಡದ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದಿದೆ. ಜೊತೆಗೆ, ಕೆಲಸದ ತುರ್ತಿಗೆ ಒಳಪಟ್ಟು ಎಂಬ ಒಂದು ಬಾಲವೂ ಇದೆ. ಆ ಬಾಲವೇ ಇಂದು ನಾಯಿಯನ್ನು ಆಡಿಸುತ್ತಿದೆ. ಸ್ನಾತಕೋತ್ತರ ಶಿಕ್ಷಣದ 2023ರ ನಿಯಮಾವಳಿಯಲ್ಲಿ ಗಂಟೆಯ ಲೆಕ್ಕವೇ ಮಾಯವಾಗಿ, ಸಮಂಜಸವಾದ ಅವಧಿಯ ಕೆಲಸ ಎಂಬ ಜಾಣಮಾತು ಬಂತು. ಸಮಂಜಸವೆಂದು ಹೇಳುವವರು ಯಾರು? ದುಡಿಸಿಕೊಳ್ಳುವವರೇ! ನಾವು ಮೇಲೆ ಹೇಳಿದ 2024ರ ಕಾರ್ಯಪಡೆ, ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಸಲಹೆ ಮಾಡಿತು. 1992ರಲ್ಲಿ 48, ಮೂವತ್ತೆರಡು ವರ್ಷದ ಪ್ರಗತಿಯ ನಂತರ 74! ಇದಕ್ಕಾಗಿಯೂ ಕೈಮುಗಿಯಬೇಕೆಂಬ ಸ್ಥಿತಿಗೆ ನಮ್ಮ ಮಕ್ಕಳನ್ನು ತಂದಿಟ್ಟಿದ್ದಾರೆ.

ಎದುರು ವಾದಗಳು

ಗಂಟೆ ಕಡಮೆಯಾದರೆ ಕಲಿಕೆ ಕಡಮೆಯಾಗುತ್ತದೆ ಎಂಬುದು ಮೊದಲ ವಾದ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಲಿಬ್ಬಿ ಜಿಯಾನ್ ಎಂಬ ಹದಿನೆಂಟರ ಹುಡುಗಿ, ವಿಪರೀತ ಹೊರೆ ಹೊತ್ತಿದ್ದ ಕಿರಿಯ ಡಾಕ್ಟರರ ಕೈಯಲ್ಲಿ ತೀರಿಕೊಂಡಳು. ಅವಳ ತಂದೆ ಬಿಡದೆ ಹೋರಾಡಿದ. 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. 2003ರಲ್ಲಿ ಅದು ಅಮೆರಿಕದ ತರಬೇತಿ ಆಸ್ಪತ್ರೆಗಳಿಗೆಲ್ಲ ಬಂತು. ಬ್ರಿಟನ್ನಿನ ಕಿರಿಯ ಡಾಕ್ಟರರಿಗೆ 2009ರಿಂದ ಸರಾಸರಿ 48 ಗಂಟೆಯ ಮಿತಿಯಿದೆ. ಆ ದೇಶಗಳಲ್ಲಿ ಶಸ್ತ್ರವೈದ್ಯರು ನಶಿಸಿಹೋದರೇ? ನಮ್ಮ ಮಂತ್ರಿಗಳೇ ಚಿಕಿತ್ಸೆಗೆಂದು ಅಲ್ಲಿಗೆ ವಿಮಾನ ಹತ್ತುತ್ತಾರಲ್ಲ!

ವಿರೋಧಿಗಳ ಕೈಯಲ್ಲಿ ಒಂದು ಅಸ್ತ್ರವಿದೆ, ಅದನ್ನೂ ಮುಚ್ಚಿಡುವುದಿಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದು, ತೀವ್ರ ನಿಗಾ ಘಟಕದಲ್ಲಿ ಉದ್ದುದ್ದ ಪಾಳಿ ಮಾಡಿದ ಕಿರಿಯರಿಂದ ಗಂಭೀರ ತಪ್ಪುಗಳು ನೂರಕ್ಕೆ 36ರಷ್ಟು ಹೆಚ್ಚಾದುವೆಂದು ತೋರಿಸಿತ್ತು. ಆದರೆ 2016ರಲ್ಲಿ ಅಮೆರಿಕದ 117 ಶಸ್ತ್ರವೈದ್ಯ ತರಬೇತಿ ಕೇಂದ್ರಗಳಲ್ಲಿ ನಡೆದ ಇನ್ನೊಂದು ಪರೀಕ್ಷೆ, ಪಾಳಿ ಉದ್ದವಾದರೂ ರೋಗಿಗಳ ಗತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದಿತು. ಒಪ್ಪಿದೆವು. ಆದರೆ ಆ ಪರೀಕ್ಷೆಯ ಇಬ್ಬದಿಯವರೂ ವಾರಕ್ಕೆ 80 ಗಂಟೆಯ ಚಾವಣಿಯ ಕೆಳಗೇ ಇದ್ದವರು. ಚಾವಣಿಯೇ ಇಲ್ಲದ ಮನೆಯವನು, ಕಿಟಕಿ ದೊಡ್ಡದೋ ಚಿಕ್ಕದೋ ಎಂಬ ಪಕ್ಕದ ಮನೆಯ ಜಗಳವನ್ನು ಸಾಕ್ಷಿಗೆ ತರುವುದು ನಗೆಪಾಟಲು.

ನಾವೂ ಇದನ್ನೇ ಅನುಭವಿಸಿ ಬಂದೆವು ಎಂಬುದು ಹಿರಿಯರ ಎರಡನೆಯ ವಾದ. ಇದು ವಾದವಲ್ಲ, ಅತ್ತೆಯ ಸೇಡು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಳೆಯ ಮನೆಗಳು ನಡೆದುವು. ಅದರಿಂದ ಯಾವ ಸೊಸೆಯೂ ಉದ್ಧಾರವಾಗಲಿಲ್ಲ.

ಹಣವಿಲ್ಲ, ಜನವಿಲ್ಲ ಎಂಬುದು ಮೂರನೆಯ ವಾದ. ಇದರಲ್ಲೇ ನಿಜ ಬಯಲಾಗುತ್ತದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ದೇಶದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ 2.5ರಷ್ಟನ್ನು ಸರ್ಕಾರಗಳು ಆರೋಗ್ಯಕ್ಕೆ ವೆಚ್ಚ ಮಾಡಬೇಕೆಂದು ಬರೆದುಕೊಂಡಿತು. 2021-22ರ ಲೆಕ್ಕದಲ್ಲಿ ಅದು 1.84 ಮಾತ್ರ. ಮಧ್ಯದ ಈ ಕಂದರವನ್ನು ಯಾವುದರಿಂದ ಮುಚ್ಚಿದ್ದಾರೆ? ಖಾಲಿ ಹುದ್ದೆಗಳನ್ನು ಹುಡುಗರ ನಿದ್ದೆಯಿಂದ ತುಂಬಿಸಿದ್ದಾರೆ. ಸೇವೆ ಎಂಬ ನಂಬಿಕೆ ಬೊಕ್ಕಸಕ್ಕೆ ಉಳಿತಾಯವಾಗಿದೆ. ಬಿಟ್ಟು ಹೋಗೋಣವೆಂದರೆ ಹಲವು ರಾಜ್ಯಗಳಲ್ಲಿ ಲಕ್ಷಗಟ್ಟಲೆ ರೂಪಾಯಿಯ ಮುಚ್ಚಳಿಕೆ ಕೊರಳಿಗೆ ಬಿದ್ದಿರುತ್ತದೆ. ಇದನ್ನು ತೆಗೆದುಹಾಕಿರೆಂದು ವೈದ್ಯಕೀಯ ಆಯೋಗವೇ 2024ರ ಜನವರಿಯಲ್ಲಿ ರಾಜ್ಯಗಳಿಗೆ ಬರೆಯಬೇಕಾಯಿತು.

ಕಿರಿಯ ಡಾಕ್ಟರರಿಗೆ ಎರಡು ಮಾತು

ಇಷ್ಟು ಹೇಳಿದ ಮೇಲೆ ಕಿರಿಯ ಡಾಕ್ಟರರಿಗೂ ನಾವು ಖಂಡಿತವಾದ ಮಾತನ್ನು ಹೇಳಬೇಕಾಗಿದೆ. ಮಿತ್ರರೇ, ನಿಮ್ಮ ಬಾಯಿ ಕಟ್ಟಿರುವುದು ಸೇವೆಯ ಮಂತ್ರ ಒಂದೇ ಅಲ್ಲ. ನಾವು ಕೂಲಿಗಳಲ್ಲ ಎಂಬ ನಿಮ್ಮ ಹೆಮ್ಮೆಯೂ ಕಟ್ಟಿದೆ. ದಾದಿಯರು ಧರಣಿ ಕೂತಾಗ ನೀವು ಪಕ್ಕದಲ್ಲಿ ಹಾದುಹೋದಿರಿ. ಗುತ್ತಿಗೆಯ ಕಸಗುಡಿಸುವವಳ ಸಂಬಳ ನಿಂತಾಗ ಅದು ನಿಮ್ಮ ವಿಷಯವಾಗಲಿಲ್ಲ. ನಿಮ್ಮೊಳಗೇ ಜಾತಿ ಕೇಳುವವರಿದ್ದಾರೆ, ಮೀಸಲಾತಿಯಿಂದ ಬಂದವನನ್ನು ಕುಟುಕುವವರಿದ್ದಾರೆ. 2019ರಲ್ಲಿ ಮುಂಬಯಿಯಲ್ಲಿ ಆದಿವಾಸಿ ಸಮುದಾಯದ ಕಿರಿಯ ವೈದ್ಯೆಯೊಬ್ಬಳು ಪ್ರಾಣ ಕಳೆದುಕೊಂಡಾಗ ಜಾತಿನಿಂದನೆಯ ಆರೋಪ ಬಂದದ್ದು ಜೊತೆಯ ಡಾಕ್ಟರರ ಮೇಲೆಯೇ. ಬಿಳಿಯ ಕೋಟು ನಿಮ್ಮನ್ನು ಜನರಿಂದ ಬೇರ್ಪಡಿಸಿತು, ಬೇರ್ಪಟ್ಟವನು ಒಂಟಿ, ಒಂಟಿಯಾಗಿ ಸುಡುವವನ ಹೊಗೆ ಯಾರಿಗೂ ಕಾಣುವುದಿಲ್ಲ.

2024ರ ಆಗಸ್ಟ್ 9ರಂದು ಕಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ಮೂವತ್ತಾರು ಗಂಟೆಯ ಪಾಳಿಯ ನಡುವೆ ಮಲಗಲು ಕೋಣೆಯೂ ಇಲ್ಲದೆ ಸಭಾಕೋಣೆಯಲ್ಲಿ ಒರಗಿದ್ದ ಕಿರಿಯ ವೈದ್ಯೆಯ ಅತ್ಯಾಚಾರವೂ ಕೊಲೆಯೂ ನಡೆದುದು ಬೆಳಕಿಗೆ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟು 36, 48 ಗಂಟೆಯ ಪಾಳಿ ಅಮಾನುಷವೆಂದಿತು. ಕಿರಿಯ ಡಾಕ್ಟರರು ಬೀದಿಗೆ ಬಂದರು. ಅಕ್ಟೋಬರಿನಲ್ಲಿ 5ರಿಂದ 21ರವರೆಗೆ ಉಪವಾಸ ಕೂತರು. ಆಗ ಬಂಗಾಳದ ಸಾಮಾನ್ಯ ಜನ ಅವರ ಪಕ್ಕದಲ್ಲಿ ನಿಂತರು. ಏಕೆ ನಿಂತರು? ಡಾಕ್ಟರರು ದೇವರ ಪೀಠದಿಂದಿಳಿದು, ನಾವೂ ಮನುಷ್ಯರು, ನಮಗೂ ನಿದ್ದೆ ಬೇಕು, ಬಾಗಿಲಿಗೆ ಅಗುಳಿ ಬೇಕು ಎಂದರು. ಆ ಭಾಷೆ ದುಡಿಯುವ ಜನಕ್ಕೆ ತಿಳಿಯುತ್ತದೆ.

ಸೇವೆಯ ನಂಬಿಕೆಯನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ಆ ನಂಬಿಕೆಯಿಲ್ಲದ ಡಾಕ್ಟರು ನಮಗೆ ಬೇಡವೇ ಬೇಡ. ಅದನ್ನು ಕಾಪಾಡಿಕೊಳ್ಳಿ ಎನ್ನುತ್ತೇವೆ. ದುಡಿಮೆಗಾರನೆಂದು ತನ್ನನ್ನು ತಿಳಿದ ವೈದ್ಯ ಮಾತ್ರ ಅದನ್ನು ಕಾಪಾಡಿಕೊಳ್ಳಬಲ್ಲ.

ನಮ್ಮ ಬೇಡಿಕೆಗಳು ಇವು. 1992ರ ಆದೇಶದ 48 ಗಂಟೆ ಬಾಲವಿಲ್ಲದ ಕಾಯಿದೆಯಾಗಬೇಕು. ಪ್ರತಿ ವಾರ್ಡಿನ ಬಾಗಿಲಲ್ಲಿ ಪಾಳಿಪಟ್ಟಿಯನ್ನು ರೋಗಿಗಳಿಗೂ ಕಾಣುವಂತೆ ಹಾಕಬೇಕು. ಪಾಳಿ ಬದಲಾಗುವಾಗ ರೋಗಿಯ ವಿವರವನ್ನು ಕೈಯಿಂದ ಕೈಗೆ ಒಪ್ಪಿಸುವ ಸಮಯವನ್ನೂ ದುಡಿಮೆಯ ಲೆಕ್ಕಕ್ಕೆ ಸೇರಿಸಬೇಕು. ಖಾಲಿ ಹುದ್ದೆಗಳನ್ನು ಖಾಯಂ ನೇಮಕದಿಂದ ತುಂಬಬೇಕು. ಸೀಟು ಬಿಡುವವರ ಮೇಲಿನ ದಂಡದ ಮುಚ್ಚಳಿಕೆ ಹೋಗಬೇಕು. ಬಳಲಿದ್ದೇನೆ ಎಂದು ಹೇಳಿದವರ ಅಂಕಕ್ಕೂ ಪದವಿಗೂ ಕುತ್ತು ಬಾರದಂತೆ ರಕ್ಷಣೆ ಬೇಕು.

ರೈತ ಬಂಧುಗಳೇ, ಕಾರ್ಮಿಕ ಬಂಧುಗಳೇ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ರೋಗದ ಮಾತು ಮುಗಿದ ಮೇಲೆ, ಎದುರಿಗಿರುವ ಹುಡುಗಿಯನ್ನು ಒಂದು ಪ್ರಶ್ನೆ ಕೇಳಿ: ಅಮ್ಮಾ, ನೀನು ಮಲಗಿ ಎಷ್ಟು ಹೊತ್ತಾಯಿತು? ಅವಳು ಕೊಡುವ ಉತ್ತರವನ್ನು ಬರೆದುಕೊಂಡು ಬನ್ನಿ. ಆ ಗಂಟೆಗಳ ಲೆಕ್ಕವನ್ನು ಆರೋಗ್ಯ ಮಂತ್ರಿಗಳ ಮುಂದಿಟ್ಟು ಉತ್ತರ ಕೇಳುವ ಕೆಲಸ ನಮ್ಮದು.